ತಲೆ ನೆರೆತ ಹೊಸ ಹುಡುಗ

ಭಾನುವಾರ ಸಂಜೆ ಮೇಷ್ಟ್ರ ಮನೆ ಜಗಲಿ. ಹೊರಗೆ ಮಳೆ, ಒಳಗಿಂದ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ. ಕೊತ್ತಂಬರಿ ಸೊಪ್ಪು ತರಲು ಹೊರಟಿದ್ದ ಲಂಬು ಕೈಚೀಲದ ಸಮೇತ ನಮ್ಮ ಜೊತೆ ಕೂತುಬಿಟ್ಟಿದ್ದ. ಕಾಲೇಜು ಕಾಲದಿಂದ ಬಾಸ್ಕೆಟ್‌ಬಾಲ್ ಹುಚ್ಚು ಅವನಿಗೆ.

"ಏನಪ್ಪಾ, ವಯಸ್ಸು ಮೂವತ್ತೆರಡಾಯ್ತು. ಇನ್ನೂ ಚೆಂಡು ಕುಟ್ಟೋದು ಬಿಟ್ಟಿಲ್ವಾ?" ಎಂದು ಕೆಣಕಿದರು ರಿಟೈರಾದ ಬ್ಯಾಂಕ್ ಕ್ಯಾಷಿಯರ್.

"ಸಾರ್, ಅಮೆರಿಕದ ಆಂಡ್ರೆ ಇಂಗ್ರಾಮ್ ಅಲ್ಲಿನ ದೊಡ್ಡ ಬಾಸ್ಕೆಟ್‌ಬಾಲ್ ಲೀಗು ಎನ್‌ಬಿಎಗೆ ಕಾಲಿಟ್ಟಿದ್ದೇ ಮೂವತ್ತೆರಡಕ್ಕೆ. ತಲೇಲಿ ಬಿಳಿ ಕೂದಲು ಬೇರೆ."

"ಅಲ್ಲೀವರೆಗೆ ಎಲ್ಲಿದ್ದ?"

"ಚಿಲ್ಲರೆ ಲೀಗಲ್ಲಿ. 2007ರಿಂದ. ಮೊದಲು ಅದಕ್ಕೆ ಡಿ ಲೀಗ್ ಅಂತಿದ್ರು. ಡಿ ಅಂದ್ರೆ ಡೆವಲಪ್‌ಮೆಂಟ್."

"ಹತ್ತು ವರ್ಷ ಡೆವಲಪ್ ಆಗ್ತಾನೇ ಇದ್ದನಾ? ನಮ್ಮ ಲೇಔಟ್ ತರಾನೇ ಬಿಡು" ಎಂದರು ಮೇಷ್ಟ್ರು. ಆ ಮಾತು ಕೇಳಿದಂತೆ ಮೋರಿಯಲ್ಲಿ ನೀರು ಬುಗ್ಗೆ ಎದ್ದಿತು.

2017ರಲ್ಲಿ ಗೇಟರೇಡ್ ಎಂಬ ಪಾನೀಯದ ಹೆಸರು ಅಂಟಿಕೊಂಡು ಅದು ಜಿ ಲೀಗ್ ಆಯಿತಂತೆ. ಹೆಸರು ಬದಲಾಯಿತು, ಸಂಬಳ ಹೆಚ್ಚು ಬದಲಾಗಲಿಲ್ಲ. ಇಂಗ್ರಾಮ್‌ಗೆ ಸಿಗುತ್ತಿದ್ದುದು ಸೀಸನ್‌ಗೆ ಸುಮಾರು 19,000 ಡಾಲರ್. ಕ್ಯಾಷಿಯರ್ ಪೆನ್ನು ತೆಗೆದರು. ಪೇಪರಿನ ಅಂಚಿನಲ್ಲಿ ಗುಣಿಸಿದರು. "ಆಗ ಡಾಲರ್‌ಗೆ 65 ರೂಪಾಯಿ. ಹನ್ನೆರಡು ಲಕ್ಷ ಚಿಲ್ಲರೆ. ಪರವಾಗಿಲ್ವಲ್ಲೋ!"

"ಸಾರ್, ಖರ್ಚೂ ಡಾಲರಲ್ಲೇ. ಅದಕ್ಕೇ ಮಕ್ಕಳಿಗೆ ಲೆಕ್ಕದ ಪಾಠ ಹೇಳ್ತಿದ್ದ. ಓದಿದ್ದು ಭೌತಶಾಸ್ತ್ರ."

ನಲವತ್ತು ವರ್ಷ ಗಣಿತ ಕಲಿಸಿದ ಮೇಷ್ಟ್ರು ನೆಟ್ಟಗೆ ಕೂತರು. "ಹಾಗೆ ಹೇಳು! ಅವನನ್ನ ಸಾಕಿದ್ದು ಟ್ಯೂಷನ್ನು. ಬಾಸ್ಕೆಟ್‌ಬಾಲ್ ಸುಮ್ನೆ ಹವ್ಯಾಸ."

384 ಪಂದ್ಯ ಆಡಿದ್ದ ಅಂತೆ. ದೂರದಿಂದ ಎಸೆದು ಮೂರು ಮೂರು ಪಾಯಿಂಟ್ ತಂದುಕೊಟ್ಟದ್ದು 713 ಸಲ, ಆಗ ಆ ಲೀಗಿನ ದಾಖಲೆ. ಹೊರಗಿನ ಸಾಲಲ್ಲಿ ಆಡುವ ಗಾರ್ಡ್ ಆಟಗಾರನಿಗೆ ಇದಕ್ಕಿಂತ ಇನ್ನೇನು ಬೇಕು? ಆದರೂ ದೊಡ್ಡ ಮನೆಯವರು ಬಾಗಿಲು ತೆಗೆದಿರಲಿಲ್ಲ. 2018ರ ಏಪ್ರಿಲ್‌ನಲ್ಲಿ, ಸೀಸನ್ ಮುಗಿಯಿತು, ಬಂದು ಮಾತಾಡಿ ಹೋಗು ಅಂತ ಕರೆ ಬಂತು. ಹೋದರೆ ಎದುರಿಗೆ ಎನ್‌ಬಿಎಯ ಲೇಕರ್ಸ್ ತಂಡದ ಆಗಿನ ಮುಖ್ಯಸ್ಥ, ಹಳೇ ಹೆಸರಾಂತ ಆಟಗಾರ ಮ್ಯಾಜಿಕ್ ಜಾನ್ಸನ್!

"ಮನೆಗೆ ಕಳಿಸೋಕೆ ಅಷ್ಟು ದೊಡ್ಡ ಮನುಷ್ಯ ಬರ್ತಾನಾ? ನಮ್ಮನ್ನ ಕಳಿಸುವಾಗ ಹಾರ ಹಾಕಿದವನು ಅಸಿಸ್ಟೆಂಟ್ ಮ್ಯಾನೇಜರು" ಎಂದು ಕ್ಯಾಷಿಯರ್ ಹಳೇ ಗಾಯ ಕೆರೆದುಕೊಂಡರು.

"ಕಳಿಸೋಕಲ್ಲ ಸಾರ್, ಸೇರಿಸಿಕೊಳ್ಳೋಕೆ! ಉಳಿದಿದ್ದ ಎರಡು ಪಂದ್ಯಕ್ಕೆ."

ಏಪ್ರಿಲ್ 10, ಹ್ಯೂಸ್ಟನ್ ರಾಕೆಟ್ಸ್ ವಿರುದ್ಧ. ಇಲ್ಲಿ ಲಂಬು ಬಜ್ಜಿ ಕೆಳಗಿಟ್ಟು ಎದ್ದು ನಿಂತ. ಮೊಣಕಾಲು ಬಗ್ಗಿಸಿ, ಕೈ ಮೇಲೆತ್ತಿ, ಮಣಿಕಟ್ಟು ಮುರಿದು ತೋರಿಸಿದ. ಐದು ಸಲ ದೂರದಿಂದ ಎಸೆದದ್ದರಲ್ಲಿ ನಾಲ್ಕು ಬುಟ್ಟಿಯೊಳಗೆ. ಒಟ್ಟು 19 ಪಾಯಿಂಟ್. ಜನ "ಎಂವಿಪಿ, ಎಂವಿಪಿ", ಅಂದರೆ ಅತಿ ಬೆಲೆಬಾಳುವ ಆಟಗಾರ, ಎಂದು ಕೂಗಿದರಂತೆ. ಎದುರಾಳಿ ಕ್ರಿಸ್ ಪಾಲ್ ಬಂದು ಅಭಿನಂದಿಸಿದ. ಅವನಿಗೂ ಅಷ್ಟೇ ವಯಸ್ಸು, ಆದರೆ ಅವನು ಎನ್‌ಬಿಎಗೆ ಬಂದದ್ದು 2005ರಲ್ಲಿ.

"ಗೆದ್ದರಾ?" ಎಂದೆ ನಾನು.

"ಇಲ್ಲ, 105-99ಕ್ಕೆ ಸೋತರು."

ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಮರುದಿನದ್ದನ್ನು ಗೆದ್ದರಂತೆ, ಅದನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ. ಕ್ಯಾಷಿಯರ್‌ಗೆ ಬೇಕಿದ್ದದ್ದು ದುಡ್ಡು. ಎರಡು ಪಂದ್ಯಕ್ಕೆ 13,824 ಡಾಲರ್ ಎಂದಾಗ ಪೆನ್ನು ಮತ್ತೆ ಓಡಿತು. "ಹತ್ರ ಹತ್ರ ಒಂಬತ್ತು ಲಕ್ಷ! ಎರಡು ದಿನಕ್ಕೆ! ಆಮೇಲೆ?"

"ಆಮೇಲೆ ವಾಪಸ್ ಜಿ ಲೀಗ್. 2019ರ ಮಾರ್ಚ್‌ನಲ್ಲಿ ಮತ್ತೆ ಹತ್ತು ದಿನಕ್ಕೆ ಕರೆದರು."

"ಅಂದ್ರೆ ಟ್ಯೂಷನ್ ಬಿಟ್ಟಿರಲ್ಲ" ಎಂದರು ಮೇಷ್ಟ್ರು, ತೃಪ್ತಿಯಿಂದ.

ಇಷ್ಟು ಹೊತ್ತೂ ಬಾಗಿಲಲ್ಲೇ ನಿಂತು ಕೇಳುತ್ತಿದ್ದ ಮೇಷ್ಟ್ರ ಹೆಂಡತಿ ಕೇಳಿದರು: "ಹತ್ತು ವರ್ಷ ಹೀಗೆ ಆಡ್ತಾ ಇದ್ದರೆ ಅವನ ಹೆಂಡತಿ ಏನೂ ಅನ್ನಲಿಲ್ವಾ?"

ಲಂಬು ಬಾಯಿ ತೆರೆಯುವಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಮನೆಯಿಂದಲೇ. ಸೊಪ್ಪಿಗೆ ಹೋಗಿ ಒಂದು ಗಂಟೆಯಾಗಿತ್ತು. ಬಜ್ಜಿಯ ಪೇಪರ್ ಉಂಡೆ ಮಾಡಿ ಜಗಲಿಯ ಈ ತುದಿಯಿಂದಲೇ ಮೂಲೆಯ ಕಸದ ಡಬ್ಬಕ್ಕೆ ಎಸೆದು ಮಳೆಯಲ್ಲೇ ಓಡಿದ. ಉಂಡೆ ಮೇಷ್ಟ್ರ ಚಪ್ಪಲಿ ಮೇಲೆ ಬಿತ್ತು. ಕ್ಯಾಷಿಯರ್ ಪೇಪರಿನ ಅಂಚಿನಲ್ಲಿ ದಪ್ಪಗೆ ಒಂದು ಸೊನ್ನೆ ಬರೆದುಕೊಂಡರು.