ಸಹಾಯ ಬೇಕು: ಲಿನಕ್ಸ್ ಕಂಪ್ಯೂಟರ್ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತಿದೆ

ಬಳಗದ ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ, ಕನ್ನಡ ಮಾಧ್ಯಮದ ಮಕ್ಕಳಿಗೆ ಅಭ್ಯಾಸದ ಹಾಳೆಗಳನ್ನು ಸಿದ್ಧಪಡಿಸಲು ನಾನು ಬಳಸುವ ಲಿನಕ್ಸ್ ಡೆಸ್ಕ್‌ಟಾಪ್ ಒಂದು ತಿಂಗಳಿನಿಂದ ದಿನಕ್ಕೆ ಒಂದೆರಡು ಬಾರಿ ನಿಂತುಬಿಡುತ್ತಿದೆ. ಹೆಚ್ಚಾಗಿ ಕೆಲಸವಿಲ್ಲದೆ ಸುಮ್ಮನೆ ಬಿಟ್ಟಿರುವಾಗಲೇ ಹೀಗಾಗುತ್ತದೆ. ಪರದೆಯ ಚಿತ್ರ ಹಾಗೆಯೇ ಉಳಿಯುತ್ತದೆ, ಮೌಸ್ ಅಲುಗುವುದಿಲ್ಲ, ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪವೂ ಬದಲಾಗುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆರಿಸುವುದೊಂದೇ ದಾರಿ.

ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ಇಡೀ ರಾತ್ರಿ ನಡೆಸಿದರೂ ಒಂದು ದೋಷವೂ ಕಾಣಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ವೋಲ್ಟೇಜ್ ಏರಿಳಿಯುವುದು ಸಾಮಾನ್ಯವಾದ್ದರಿಂದ ಯುಪಿಎಸ್ ಜೋಡಿಸಿ ನೋಡಿದೆ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಗೂ ಮರಳಿದೆ, ವ್ಯತ್ಯಾಸವಾಗಲಿಲ್ಲ. ಕರ್ನಲ್‌ಗೆ ಕೀಲಿಮಣೆಯಿಂದ ನೇರವಾಗಿ ಆದೇಶ ಕೊಡಲು ನೆರವಾಗುವ ಸಿಸ್‌ಆರ್‌ಕ್ಯೂ ಸೌಲಭ್ಯದ ಮೌಲ್ಯವನ್ನು 1 ಎಂದು (ಎಲ್ಲ ಆದೇಶಗಳಿಗೂ ಅನುಮತಿ) ಇಟ್ಟಿದ್ದೇನೆ. ಉಳಿದ ಸಮಯದಲ್ಲಿ ಆಲ್ಟ್, ಸಿಸ್‌ಆರ್‌ಕ್ಯೂ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಂತ್ರ ಮರುಪ್ರಾರಂಭವಾಗುತ್ತದೆ, ಸ್ತಬ್ಧವಾದಾಗ ಮಾತ್ರ ಅದಕ್ಕೂ ಪ್ರತಿಕ್ರಿಯೆಯಿಲ್ಲ.

ನನ್ನ ಗೊಂದಲವಿರುವುದು ಲಾಗ್, ಅಂದರೆ ಯಂತ್ರ ತನ್ನ ಚಟುವಟಿಕೆಗಳನ್ನು ಬರೆದಿಡುವ ದಾಖಲೆಯ ವಿಚಾರದಲ್ಲಿ. ಅದನ್ನು ಓದುವ ಜರ್ನಲ್‌ಸಿಟಿಎಲ್ ಆದೇಶದ ಮೂಲಕ ಹಿಂದಿನ ಬೂಟ್‌ನ (ಹಿಂದಿನ ಬಾರಿ ಯಂತ್ರ ಚಾಲೂ ಆಗಿದ್ದ ಅವಧಿಯ) ದಾಖಲೆಯನ್ನು ತೆರೆದರೆ, ಅದು ಯಾವ ಎಚ್ಚರಿಕೆಯೂ ಇಲ್ಲದೆ ನಡುವಿನಲ್ಲೇ ಕಡಿದುಹೋಗಿರುತ್ತದೆ. ಕೊನೆಯ ಸಾಲುಗಳು ಡಿಸ್ಕಿಗೆ ಬರೆಯಲ್ಪಡುವ ಮೊದಲೇ ಯಂತ್ರ ನಿಂತಿರಬಹುದಾದ್ದರಿಂದ, ದೋಷ ಹಾರ್ಡ್‌ವೇರ್‌ನದೋ ಕರ್ನಲ್‌ನದೋ ಎಂದು ಇದರಿಂದ ತೀರ್ಮಾನಿಸಲಾರೆ.

ಕೆಲಸವಿಲ್ಲದಾಗ ಪ್ರೊಸೆಸರ್ ವಿದ್ಯುತ್ ಉಳಿಸಲು ಜಾರುವ ಆಳವಾದ ಸಿ-ಸ್ಟೇಟ್‌ಗಳನ್ನು ಗ್ರಬ್‌ನಲ್ಲಿ (ಲಿನಕ್ಸನ್ನು ಆರಂಭಿಸುವ ತಂತ್ರಾಂಶ) ತಡೆದು ಮೊದಲು ಪರೀಕ್ಷಿಸಲೇ, ಅಥವಾ ನೇರವಾಗಿ ಎಸ್‌ಎಂಪಿಎಸ್ (ಕಂಪ್ಯೂಟರಿನ ಒಳಗೆ ವಿದ್ಯುತ್ ಪೂರೈಸುವ ಘಟಕ) ಬದಲಾಯಿಸಲೇ? ಕಡಿದುಹೋಗುವ ಆ ಕೊನೆಯ ಸಾಲುಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಹಿಡಿದಿಡುವ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸುವಿರಾ?