ಚೀನಾದಲ್ಲಿ ಚೈನೀಸ್ ಸಿಗಲ್ಲ ಕಣಯ್ಯಾ

"ಈ ಗೋಬಿ ಮಂಚೂರಿ ಅಥೆಂಟಿಕ್ ಅಲ್ಲ," ಅಂದ ಚಿನ್ಮಯ, ಐದನೇ ಪೀಸು ಬಾಯಿಗೆ ಹಾಕ್ಕೊಂಡು.

ಶಾಮಣ್ಣ ಸ್ಪೂನು ಕೆಳಗಿಟ್ರು. ಶಾಮಣ್ಣ ಸ್ಪೂನು ಕೆಳಗಿಟ್ರು ಅಂದ್ರೆ ಊಟ ಅರ್ಧ ಗಂಟೆ ಲೇಟು ಅಂತಲೇ ಲೆಕ್ಕ, ಅದು ಗೊತ್ತಿರೋ ರೂಪಾ ಮೇಡಂ ಸುಮ್ನೆ ನೂಡಲ್ಸ್ ಪ್ಲೇಟನ್ನ ತಮ್ಮ ಕಡೆ ತಿರುಗಿಸ್ಕೊಂಡು ಬಡಿಸ್ಕೊಳ್ಳೋಕೆ ಶುರು ಮಾಡಿದ್ರು.

"ಅಲ್ಲಪ್ಪಾ ಚಿನ್ಮಯ, ಶನಿವಾರ ಫ್ಲೈಟ್ ಹತ್ತೋನು ನೀನು. ತಲೆಗೆ ಐನೂರು ಹಾಕಿ ನಿಂಗೆ ಊಟ ಹಾಕ್ತಿರೋರು ನಾವು. ಆದ್ರೂ ಒಂದು ಮಾತು ಹೇಳ್ತೀನಿ, ಚೆನ್ನಾಗಿ ಅಗಿದು ತಿನ್ನು. ಇದು ನಿನ್ನ ಕೊನೇ ಚೈನೀಸ್ ಊಟ."

"ಏನ್ ಸಾರ್ ಹೀಗಂತೀರಾ, ನಾನು ಹೋಗ್ತಿರೋದೇ ಶೆನ್‌ಜೆನ್‌ಗೆ."

"ಅದಕ್ಕೇ ಹೇಳಿದ್ದು. ಚೀನಾದಲ್ಲಿ ಚೈನೀಸ್ ಸಿಗಲ್ಲ ಕಣಯ್ಯಾ."

ಪಾಟೀಲ ನಕ್ಕ ರಭಸಕ್ಕೆ ಮಂಚೋ ಸೂಪು ಮೂಗಿಗೇರಿತು. ಬೈ ತ್ರೀ ಮಾಡಿಸಿದ ಸೂಪು ಬೇರೆ, ಇದ್ದಿದ್ದೇ ನಾಲ್ಕು ಸ್ಪೂನು, ಅದರಲ್ಲಿ ಒಂದು ಮೂಗಿಗೆ ಹೋಯ್ತು.

ಈ ಅಥೆಂಟಿಕ್ ಕಾಯಿಲೆ ಚಿನ್ಮಯನಿಗೆ ಹೋದ ವರ್ಷ ಅಂಟಿದ್ದು. ಆಫೀಸ್ ಕೆಲಸದ ಮೇಲೆ ಮೂರು ವಾರ ಶೆನ್‌ಜೆನ್‌ಗೆ ಹೋಗಿ ಬಂದ ಮೇಲೆ ನಮ್ಮ ಆಫೀಸಿನ ಹಿಂದಿನ ರಸ್ತೆಯ ಈ ಮಹಡಿ ಮೇಲಿನ ಹೋಟ್ಲು ಅವನ ಕಣ್ಣಿಗೆ ಸಣ್ಣದಾಗೋಯ್ತು. ಅದಕ್ಕೂ ಮುಂಚೆ ವಾರಕ್ಕೆ ಮೂರು ಸಲ ಇಲ್ಲೇ ಎಗ್ ಫ್ರೈಡ್ ರೈಸ್ ತಿಂತಿದ್ದೋನು ಇವನೇ. ಈಗ ಇವತ್ತು ಸ್ವಂತ ಚಾಪ್‌ಸ್ಟಿಕ್ ತಂದಿದಾನೆ, ಸ್ಟೀಲಿಂದು, ಅದಕ್ಕೊಂದು ಡಬ್ಬಿ ಬೇರೆ, ಪೆನ್ಸಿಲ್ ಬಾಕ್ಸ್ ಥರ. ಆಗಲೇ ಒಂದು ಗೋಬಿ ಜಾರಿ ಭಟ್ರ ಫ್ರೆಶ್ ಲೈಮ್ ಸೋಡಾ ಒಳಗೆ ಬಿದ್ದು ಮುಳುಗಿದೆ.

"ನಮ್ಮಮ್ಮ ಕುದಿಯೋ ಎಣ್ಣೆಯಿಂದ ಒಂದೇ ಕಡ್ಡೀಲಿ ಎಂಟು ಕೋಡುಬಳೆ ಎತ್ತೋರು," ಅಂದ್ರು ಶಾಮಣ್ಣ. "ಇವನಿಗೆ ಒಂದು ಗೋಬಿಗೆ ಎರಡು ಕಡ್ಡಿ ಸಾಲಲ್ಲ."

"ಅಲ್ಲ ಸಾರ್, ಸೀರಿಯಸ್ಸಾಗಿ ಹೇಳ್ತೀನಿ, ಮಂಚೂರಿಯಾ ಅನ್ನೋದು ಚೀನಾದ ಈಶಾನ್ಯ ಭಾಗ. ಅಲ್ಲಿನೋರೇ ಅದನ್ನ ಮಂಚೂರಿಯಾ ಅನ್ನಲ್ಲ, ಡಾಂಗ್‌ಬೆಯ್ ಅಂತಾರೆ. ಅಲ್ಲಿ ಹೋಗಿ ಗೋಬಿ ಮಂಚೂರಿ ಅಂದ್ರೆ ಯಾರಿಗೂ ಗೊತ್ತಿಲ್ಲ."

"ಮೈಸೂರ್ ಬೋಂಡಾಕ್ಕೂ ಮೈಸೂರಿಗೂ ಸಂಬಂಧ ಕೇಳಿದ್ಯಾ ಯಾವತ್ತಾದ್ರೂ?"

"ಅಲ್ಲೂ ಹೂಕೋಸು ಮಾಡ್ತಾರೆ ಸಾರ್, ಡ್ರೈ ಪಾಟ್ ಅಂತ, ಒಣಮೆಣಸಿನಕಾಯಿ ಹಾಕಿ, ಹಂದಿ ಮಾಂಸ ಚೂರು ಹಾಕಿ, ಕಾರ್ನ್‌ಫ್ಲೋರ್ ಕೋಟಿಂಗ್ ಎಲ್ಲ ಇರಲ್ಲ..."

ಭಟ್ರು ಸೋಡಾ ಒಳಗಿನ ಗೋಬಿಯನ್ನ ಸ್ಟ್ರಾದಲ್ಲಿ ಚುಚ್ಚೋದು ನಿಲ್ಲಿಸಿ ತಲೆ ಎತ್ತಿದ್ರು. "ಹೂಕೋಸಿಗೆ ಹಂದಿಯಾ? ಎಂತ ಮಾರಾಯ್ರೆ, ನಮ್ಮಂಥವರು ಅಲ್ಲಿ ಬದುಕುವುದು ಹೇಗೆ?"

"ಅದೇ ಹೇಳಿದ್ನಲ್ಲ ಭಟ್ರೇ, ಚೈನೀಸ್ ತಿನ್ಬೇಕು ಅಂದ್ರೆ ಇಂಡಿಯಾಕ್ಕೇ ಬರ್ಬೇಕು."

ಅಷ್ಟೊತ್ತಿಗೆ ತಾಪಾ ಷೆಜ್ವಾನ್ ಫ್ರೈಡ್ ರೈಸ್ ತಂದಿಟ್ಟ. ಚಿನ್ಮಯ ಎದೆ ಸೆಟೆಸಿ, ಕತ್ತು ಸ್ವಲ್ಪ ಬಗ್ಗಿಸಿ, ಮೂರು ತಿಂಗಳಿಂದ ಆ್ಯಪ್‌ನಲ್ಲಿ ಕಲೀತಿರೋ ಭಾಷೇಲಿ ಥ್ಯಾಂಕ್ಸ್ ಹೇಳಿದ. "ಶಿಯೆ ಶಿಯೆ."

ತಾಪಾ ಗಾಬರಿಯಾಗಿ ರೈಸ್ ಪ್ಲೇಟನ್ನ ಬಗ್ಗಿ ನೋಡಿದ. "ಯಾಕ್ ಸಾರ್, ಶೀ ಶೀ ಅಂತೀರಾ? ಕೂದ್ಲು ಬಂತಾ?"

ಇದಾದ್ಮೇಲೆ ಐದು ನಿಮಿಷ ನಮ್ಮ ಟೇಬಲಲ್ಲಿ ಯಾರೂ ಮಾತಾಡೋ ಸ್ಥಿತೀಲಿ ಇರಲಿಲ್ಲ. ರೂಪಾ ಮೇಡಂ ಕರ್ಚೀಫಲ್ಲಿ ಕಣ್ಣೊರೆಸ್ಕೊಂಡ್ರು. ಚಿನ್ಮಯ ಮಾತ್ರ ಪಾಪ ಕೆಂಪಗಾಗಿ, ಅಲ್ಲ ಅಣ್ಣ, ಅದು ಚೈನೀಸಲ್ಲಿ, ನಿಮ್ ಭಾಷೇಲಿ ಅಂತ, ಅಂತ ಏನೋ ತೊದಲಿದ.

"ನಂದು ಕಾಲಿಂಪಾಂಗ್ ಸಾರ್, ಡಾರ್ಜಿಲಿಂಗ್ ಹತ್ರ," ಅಂದ ತಾಪಾ, ಬೇಜಾರೇನೂ ಇಲ್ಲದೆ. ಹನ್ನೊಂದು ವರ್ಷದಿಂದ ದಿನಕ್ಕೆ ಹತ್ತು ಜನಕ್ಕೆ ಹೇಳಿ ಹೇಳಿ ರೂಢಿಯಾದ ಮಾತು ಅದು. "ಚೀನಾ ನೋಡಿಲ್ಲ. ಮೈಸೂರ್ ನೋಡಿದೀನಿ."

"ಮತ್ತೆ ಒಳಗೆ ಅಡುಗೆ ಮಾಡೋರು?"

"ಶೇಖರಣ್ಣ ಸಾರ್. ಬೈಂದೂರು."

ಭಟ್ರ ಮುಖ ಅರಳಿತು. "ಓ ನಮ್ಮ ಕಡೆಯವರು! ಅದಕ್ಕೇ ಇಷ್ಟು ರುಚಿ ಉಂಟು ನೋಡಿ."

"ಬೈಂದೂರಿನ ಶೇಖರ ಬೇಯಿಸಿ, ಕಾಲಿಂಪಾಂಗಿನ ತಾಪಾ ಬಡಿಸಿ, ಬಾಗಿಲಲ್ಲಿ ಡ್ರ್ಯಾಗನ್ ಕುತ್ತಿಗೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಗಲ್ಲಾಪೆಟ್ಟಿಗೆ ಮೇಲೆ ಕೈ ಆಡಿಸೋ ಬೆಕ್ಕು ಇಟ್ಟು, ಅದು ಜಪಾನಿಂದು, ಅದರ ಪಕ್ಕ ಲಕ್ಷ್ಮಿ ಫೋಟೋಗೆ ಸೇವಂತಿಗೆ ಹಾಕಿದಾರೆ," ಅಂದ್ರು ಶಾಮಣ್ಣ. "ಇದಕ್ಕಿಂತ ಅಥೆಂಟಿಕ್ ಬೆಂಗಳೂರು ಎಲ್ಲಿ ಸಿಗತ್ತೆ ನಿಂಗೆ?"

"ಆ ಅಥೆಂಟಿಕ್ ಅನ್ನೂದಕ್ಕ ಕನ್ನಡದಾಗ ಏನಂತಾರ್ರಿ?" ಪಾಟೀಲನಿಗೆ ಊಟದ ಮಧ್ಯೆ ಇಂಥ ಡೌಟು ಬರ್ತಾನೇ ಇರ್ತವೆ.

"ಅಸಲಿ ಅನ್ನಬಹುದು," ಅಂದ್ರು ರೂಪಾ ಮೇಡಂ.

"ಅದು ಅರಬ್ಬಿ ಮೂಲದ್ದು," ಅಂದ ಚಿನ್ಮಯ. ಇಂಥವೆಲ್ಲ ಅವನಿಗೆ ಗೊತ್ತಿರತ್ತೆ.

"ಅಪ್ಪಟ?"

"ಅಪ್ಪಟ ಅನ್ನೋದು ತುಪ್ಪಕ್ಕೆ ಸರಿ ಕಣಮ್ಮ," ಅಂದ್ರು ಶಾಮಣ್ಣ. "ಗೋಬಿಗೆ ಅದನ್ನ ಅಂಟಿಸ್ಬೇಡ. ಹೂಕೋಸು ನಮ್ಮ ದೇಶಕ್ಕೆ ಬಂದಿದ್ದೇ 1822ರಲ್ಲಿ, ಇಂಗ್ಲೆಂಡಿಂದ ಬೀಜ ತರಿಸಿ ಸಹಾರನ್‌ಪುರದಲ್ಲಿ ಹಾಕಿದ್ರು. ಇನ್ನು ಮಂಚೂರಿ ಅಂತೀರಾ, ನೆಲ್ಸನ್ ವಾಂಗ್ ಅಂತ, ಕೋಲ್ಕತಾದಲ್ಲೇ ಹುಟ್ಟಿದ ಚೀನೀ ಮೂಲದವರು, ಅವರು 1975ರಲ್ಲಿ ಮುಂಬೈ ಕ್ರಿಕೆಟ್ ಕ್ಲಬ್ಬಲ್ಲಿ ಅಡುಗೆ ಮಾಡ್ತಿದ್ದಾಗ ಯಾರೋ ಗಿರಾಕಿ ಹೊಸದೇನಾದ್ರೂ ಕೊಡಿ ಅಂದ್ರಂತೆ, ಇವರು ನಮ್ಮ ಶುಂಠಿ ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆಗೆ ಗರಂ ಮಸಾಲೆ ಬದ್ಲು ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರ್ ಹಾಕಿ ಚಿಕನ್ ಮಂಚೂರಿಯನ್ ಅಂತ ಕೊಟ್ರಂತೆ. ಆಮೇಲೆ ಯಾರೋ ಪುಣ್ಯಾತ್ಮ ಕೋಳಿ ಜಾಗಕ್ಕೆ ಹೂಕೋಸು ತಂದ. ಆ ಪುಣ್ಯಾತ್ಮನಿಗೆ ಇನ್ನೂ ಒಂದು ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿಲ್ಲ ಅನ್ನೋದು ನಂಗಿರೋ ಬೇಜಾರು."

"ಪ್ರಶಸ್ತಿ ಬಿಡ್ರಿ, ಸರ್ಕಾರ 2024ರಾಗ ಅದರ ಬಣ್ಣಾನ ತಗಿಸಿ ಹಾಕ್ತು," ಅಂದ ಪಾಟೀಲ. "171 ಸ್ಯಾಂಪಲ್ ತಗೊಂಡ್ರ 107ರಾಗ ಬ್ಯಾಡಾದ ಬಣ್ಣ ಸಿಕ್ತಂತ. ಆವಾಗಿಂದ ನೋಡ್ರಿ, ಗೋಬಿ ಮಾರಿ ಮ್ಯಾಲೆ ಕಳಾನ ಇಲ್ಲ."

"ಆಗಿದ್ದು ಒಳ್ಳೇದೇ ಬಿಡಪ್ಪ. ತಿಂದು ಕೈ ತೊಳೆದ್ರೆ ಮೂರು ದಿನ ಉಗುರು ಮದರಂಗಿ ಹಚ್ಚಿದ ಹಾಗಿರ್ತಿತ್ತು. ಈಗ ಗೋಬೀನೂ ನನ್ನ ಹಾಗೆ, ಡೈ ಹಚ್ಚೋದು ಬಿಟ್ಟಿದೆ."

ಇಲ್ಲಿಗೆ ಮ್ಯಾನೇಜರ್ ಬಂದ್ರು. ಬಂದ್ರು ಅಂದ್ರೆ ವಿಡಿಯೋ ಕಾಲಲ್ಲಿ. ಅವರಿಗೆ ಇನ್ನೊಂದು ಮೀಟಿಂಗ್ ಇತ್ತು, ಹಾಗಾಗಿ ಜಾಯಿನ್ ಆಗಿ ಎರಡು ಮಾತಾಡ್ತೀನಿ ಅಂದಿದ್ರು. ರೂಪಾ ಮೇಡಂ ಫೋನನ್ನ ಸೋಯಾ ಸಾಸ್ ಬಾಟ್ಲಿಗೆ ಒರಗಿಸಿ ಟೇಬಲ್ ಮಧ್ಯೆ ಇಟ್ರು. ಮಧ್ಯೆ ಇರೋದು ತಿರುಗೋ ಗಾಜಿನ ತಟ್ಟೆ, ಅದು ಯಾರಿಗೂ ನೆನಪಿರಲಿಲ್ಲ. ಮ್ಯಾನೇಜರ್, ಚಿನ್ಮಯ, ಯೂ ಹ್ಯಾವ್ ಬೀನ್ ಆನ್ ಅಸೆಟ್, ಅಂತ ಶುರು ಮಾಡೋದಕ್ಕೂ ಪಾಟೀಲ ರೈಸ್ ಬೇಕು ಅಂತ ತಟ್ಟೆ ತಿರುಗಿಸೋದಕ್ಕೂ ಸರಿಹೋಯ್ತು. ಆ ಅಸೆಟ್ ಅನ್ನೋದು ಭಟ್ರ ಎದುರು ಬಂದು ನಿಂತ್ಕೊಂಡಿತು. ಭಟ್ರು ಕೈ ಮುಗಿದ್ರು. ನಿಮ್ಮ ಹೊಸ ಜರ್ನಿಗೆ ಆಲ್ ದಿ ಬೆಸ್ಟ್ ಅನ್ನೋದು ಚಿಲ್ಲಿ ಚಿಕನ್ ಜೊತೆ ನನ್ನ ಮುಂದೆ ಹಾದು ಹೋಯ್ತು. ಕೊನೆಗೆ ಕೀಪ್ ಇನ್ ಟಚ್ ಅಂದಾಗ ಅವರ ಮುಖ ಖಾಲಿ ಕುರ್ಚಿ ಕಡೆಗಿತ್ತು, ಅಲ್ಲಿ ಯಾರೂ ಇರಲಿಲ್ಲ, ಆಮೇಲೆ ಕಾಲ್ ಕಟ್ಟಾಯ್ತು.

"ಇದು ಅಥೆಂಟಿಕ್ ಫೇರ್‌ವೆಲ್ಲೇನಯ್ಯಾ ಚಿನ್ಮಯ? ಇದರ ಬಗ್ಗೆ ನೀನೇನೂ ಅನ್ನಲ್ವಲ್ಲ," ಅಂದ್ರು ಶಾಮಣ್ಣ.

ಚಿನ್ಮಯ ಮಾತು ಬದಲಾಯಿಸೋಕೆ ಅಂತ ತನ್ನ ಟಿಕೆಟ್ ವಿಷಯ ತೆಗೆದ. ಇಲ್ಲಿಂದ ಕೋಲ್ಕತಾ, ಅಲ್ಲಿಂದ ಗ್ವಾಂಗ್‌ಜೌಗೆ ನೇರ ಫ್ಲೈಟು, ಐದು ವರ್ಷ ನಿಂತು ಹೋಗಿದ್ದು 2025ರ ಅಕ್ಟೋಬರಲ್ಲಿ ಮತ್ತೆ ಶುರುವಾಯ್ತಲ್ಲ, ಅದು, ಗ್ವಾಂಗ್‌ಜೌ ಇಳಿದು ಟ್ರೇನು.

"ಅಂದ್ರೆ ಅವರು ಬಂದ ದಾರೀಲೇ ನೀನು ಉಲ್ಟಾ ಹೋಗ್ತಿದೀಯ," ಅಂದ್ರು ಶಾಮಣ್ಣ. ದನಿ ಸ್ವಲ್ಪ ಇಳಿದಿತ್ತು. "ನೀನು ತಿಂತಿದೀಯಲ್ಲ ಹಕ್ಕಾ ನೂಡಲ್ಸ್, ಆ ಹಕ್ಕಾ ಜನ ಅದೇ ಗ್ವಾಂಗ್‌ಜೌ ಇರೋ ಗ್ವಾಂಗ್‌ಡಾಂಗ್ ಪ್ರಾಂತ್ಯದ ಕಡೆಯಿಂದ ಕೋಲ್ಕತಾಗೆ ಬಂದೋರು. ಚೀನಾದಿಂದ ಮೊದಲು ಬಂದೋನು ಅಛೂ ಅಂತ, ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಹೂಗ್ಲಿ ದಂಡೇಲಿ ಸಕ್ಕರೆ ಗಾಣ ಹಾಕಿದ. ಆ ಊರಿಗೆ ಈಗ್ಲೂ ಅಛೀಪುರ ಅಂತಾರೆ. ಆಮೇಲೆ ಬಂದ ಹಕ್ಕಾಗಳು ಕೋಲ್ಕತಾದ ಟಾಂಗ್ರಾದಲ್ಲಿ ಚರ್ಮ ಹದ ಮಾಡ್ತಿದ್ರು, ಬೇರೆ ಯಾರೂ ಮುಟ್ಟದ ಕೆಲಸ. ಮನೇಲಿ ಮಾಡ್ಕೊಳ್ತಿದ್ದ ಅಡುಗೆಗೆ ಬಂಗಾಳಿಗಳ ನಾಲಿಗೆಗೆ ಬೇಕು ಅಂತ ಖಾರ ಜಾಸ್ತಿ ಮಾಡಿದ್ರು, ಅಷ್ಟೇ ನಿಮ್ಮ ಇಂಡೋ ಚೈನೀಸ್. ಸರಿ, 1962 ಬಂತು, ಚೀನಾ ಜೊತೆ ಯುದ್ಧ. ಇಲ್ಲೇ ಹುಟ್ಟಿ ನೇಪಾಳಿ ಬಂಗಾಳಿ ಮಾತಾಡ್ಕೊಂಡಿದ್ದ ಸುಮಾರು ಮೂರು ಸಾವಿರ ಜನಾನ, ಮಕ್ಕಳು ಮುದುಕರು ಅನ್ನದೆ, ಡಾರ್ಜಿಲಿಂಗು ಅಸ್ಸಾಮಿಂದೆಲ್ಲ ಟ್ರೇನಿಗೆ ತುಂಬಿ ರಾಜಸ್ಥಾನದ ದೇವಲಿ ಕ್ಯಾಂಪಿಗೆ ಹಾಕಿದ್ರು. ಮುಖ ನೋಡಿ ನಿಮ್ ಭಾಷೆ ಅಂದ್ಯಲ್ಲ ಈಗ ತಾಪಾಗೆ, ಹಾಗೇನೇ."

ಚಿನ್ಮಯ ಕಡ್ಡಿ ಕೆಳಗಿಟ್ಟ.

"ಬೈತಿಲ್ಲ ಕಣೋ. ಸುಮ್ನೆ ಹೇಳ್ದೆ."

ಭಟ್ರು ಮೆಲ್ಲಗೆ ಕೇಳಿದ್ರು, "ಮತ್ತೆ ಅವರೆಲ್ಲ ಎಲ್ಲಿಗೆ ಹೋದ್ರು?"

"ಹೋದರ್ರಿ, ಬಾಳ ಮಂದಿ ಕೆನಡಾಕ್ಕ ಹೋದ್ರು," ಅಂದ ಪಾಟೀಲ, ಎಲ್ಲರಿಗೂ ಆಶ್ಚರ್ಯ ಆಗೋ ಹಾಗೆ. "ನಮ್ಮ ಅಕ್ಕಾರು ಟೊರಾಂಟೊ ಬಾಜೂಕ ಇದ್ದಾರಲ್ರಿ, ಅಲ್ಲೆ ಹಕ್ಕಾ ಚೈನೀಸ್ ಅಂತ ಬೋರ್ಡ್ ಹಾಕಿದ ಹೋಟೆಲ್ ಓಣಿ ಓಣಿಗೊಂದ ಅದಾವಂತ. ಗಲ್ಲಾದ ಮ್ಯಾಲೆ ಕುಂತ ಅಜ್ಜ ಚೀನೀ ಮುಖದಾಂವ, ಹಿಂದ್ಯಾಗ ಕೇಳ್ತಾನಂತ, ಡ್ರೈ ಯಾ ಗ್ರೇವಿ ಅಂತ. ನಮ್ಮ ಅಕ್ಕ ಮೊದಲನೇ ಸಲ ಅಲ್ಲೇ ಕುಂತು ಅತ್ಳಂತ ನೋಡ್ರಿ."

ಒಂದು ಕ್ಷಣ ಯಾರೂ ಏನೂ ಅನ್ನಲಿಲ್ಲ. ಗಾಜಿನ ತಟ್ಟೆ ಮೇಲೆ ಒಂದೇ ಒಂದು ಗೋಬಿ ಉಳಿದಿತ್ತು, ಈರುಳ್ಳಿ ಸೊಪ್ಪು ಅಂಟಿಕೊಂಡು. ರೂಪಾ ಮೇಡಂ ಅದನ್ನ ಚಿನ್ಮಯನ ಕಡೆ ತಿರುಗಿಸಿದ್ರು. ಚಿನ್ಮಯ ಭಟ್ರ ಕಡೆ. ಭಟ್ರು ಬೇಡಪ್ಪ ಗ್ಯಾಸು ಅಂತ ಪಾಟೀಲನ ಕಡೆ. ಎರಡು ಸುತ್ತು ಬಂದ ಮೇಲೆ ಪಾಟೀಲ ತಿಂದ. ಯಾವತ್ತೂ ಅವನೇ ತಿನ್ನೋದು.

ಆಮೇಲೆ ಬಿಲ್ಲು, ಸೋಂಪು, ಫೋಟೋ. ಫೋಟೋ ತೆಗೆದ ತಾಪಾಗೆ ನಾವೆಲ್ಲ ಯಾವ ಕಡೆ ಕೂತ್ರೆ ಬೆಳಕು ಸರಿ ಬರತ್ತೆ ಅಂತ ಮೊದಲೇ ಗೊತ್ತು, ಅಷ್ಟು ಫೇರ್‌ವೆಲ್ ಆಗಿದಾವೆ ಇದೇ ಟೇಬಲಲ್ಲಿ. ಒಂದು ಕಾಲಕ್ಕೆ ಎರಡು ಟೇಬಲ್ ಜೋಡಿಸಿ ಹದಿನಾಲ್ಕು ಜನ ಕೂರ್ತಿದ್ವಿ. ಜಾಗ ಸಾಲದೆ ಶಾಮಣ್ಣ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಭಾಷಣ ಮಾಡ್ತಿದ್ರು. ಇವತ್ತು ಆರು ಜನ, ಸೋಯಾ ಸಾಸ್ ಬಾಟ್ಲಿಗೆ ಒರಗಿದ್ದ ಮ್ಯಾನೇಜರನ್ನ ಸೇರಿಸಿದ್ರೆ ಏಳು.

ಮೆಟ್ಲು ಇಳಿಯೋ ಹೊತ್ತಿಗೆ ಚಿನ್ಮಯ ಕಾಣಿಸಲಿಲ್ಲ. ವಾಪಸ್ ಹತ್ತಿ ನೋಡಿದ್ರೆ ಅಡುಗೆಮನೆ ಬಾಗಿಲ ಹತ್ರ ನಿಂತು ಶೇಖರಣ್ಣನ ಜೊತೆ ಏನೋ ಪಿಸುಪಿಸು. ಕೈಯಲ್ಲಿ ಒಂದು ಸಣ್ಣ ಬಾಟ್ಲಿ, ಕೆಮ್ಮಿನ ಔಷಧಿದು, ತೊಳೆದಿದ್ದು. ಅದರೊಳಗೆ ವಿನೆಗರಲ್ಲಿ ನೆನೆಸಿದ ಹಸಿಮೆಣಸಿನಕಾಯಿ ಚೂರು, ಪ್ರತಿ ಟೇಬಲ್ ಮೇಲೂ ಸಣ್ಣ ಗಾಜಿನ ಬಟ್ಟಲಲ್ಲಿ ಇಟ್ಟಿರ್ತಾರಲ್ಲ, ಅದೇ. ನಮ್ಮನ್ನ ನೋಡಿ ಬಾಟ್ಲೀನ ಬೆನ್ನ ಹಿಂದೆ ಮಾಡ್ಕೊಂಡ.

"ಅಥೆಂಟಿಕ್ ಅಲ್ಲ ಅದು," ಅಂದ್ರು ಶಾಮಣ್ಣ.

"ಗೊತ್ತು ಸಾರ್."

"100 ಎಂಎಲ್ ಒಳಗಿದ್ರೆ ಹ್ಯಾಂಡ್ ಬ್ಯಾಗಲ್ಲೇ ಬಿಡ್ತಾರೆ. ಮುಚ್ಚಳಕ್ಕೆ ಟೇಪ್ ಸುತ್ತು, ಇಲ್ಲಾಂದ್ರೆ ಲ್ಯಾಪ್‌ಟಾಪ್ ಎಲ್ಲ ಘಮ್ಮಂತದೆ."

ಚಿನ್ಮಯ ಬಗ್ಗಿ ಶಾಮಣ್ಣನ ಕಾಲು ಮುಟ್ಟೋಕೆ ಹೋದ, ಇವರು ಏಯ್ ಏಯ್ ಅಂತ ಅರ್ಧದಲ್ಲೇ ಹಿಡಿದೆತ್ತಿದ್ರು, ಬಾಟ್ಲಿ ಬೀಳೋದು ಸ್ವಲ್ಪದರಲ್ಲಿ ತಪ್ಪಿತು.

ಎಲ್ಲ ಕೆಳಗಿಳಿದ್ರು. ಶಾಮಣ್ಣ ಟಿಪ್ಸ್ ಇಡೋಕೆ ಅಂತ ಹಿಂದೆ ಉಳಿದ್ರು, ನಾನು ಅವರ ಛತ್ರಿ ಹಿಡ್ಕೊಂಡು ನಿಂತಿದ್ದೆ.

"ಮುಂದಿನ್ದು ಯಾರ್ದು ಸಾರ್?" ಅಂತ ಕೇಳಿದ ತಾಪಾ, ತಟ್ಟೆ ಒರೆಸ್ತಾ.

"ನಂದೇ ಕಣಪ್ಪ. ಮಾರ್ಚಲ್ಲಿ ರಿಟೈರು."

"ಓ! ನಿಮ್ದಾ? ಒಳ್ಳೇ ಟೇಬಲ್ ಇಡ್ತೀನಿ ಸಾರ್. ಎಷ್ಟು ಜನ ಅಂತ ಬರ್ಕೊಳ್ಳಲಿ?"

ಶಾಮಣ್ಣ ಕಿಟಕಿಯಿಂದ ಕೆಳಗೆ ನೋಡಿದ್ರು. ಪಾಟೀಲ ಬೈಕ್ ಸ್ಟಾರ್ಟ್ ಮಾಡ್ತಿದ್ದ, ಭಟ್ರು ಆಟೋ ಜೊತೆ ಚೌಕಾಶಿ ಮಾಡ್ತಿದ್ರು. ಹೋದ ವಾರವಷ್ಟೇ ರೂಪಾ ಮೇಡಂ ಬೇರೆ ಕಡೆ ಇಂಟರ್‌ವ್ಯೂ ಕೊಟ್ಟು ಬಂದಿದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

"ಆಮೇಲೆ ಹೇಳ್ತೀನಿ ತಾಪಾ," ಅಂದ್ರು. "ಸದ್ಯಕ್ಕೆ ಒಂದು ಗೋಬಿ ಪಾರ್ಸಲ್ ಮಾಡು. ಡ್ರೈ."