ಕುಂಡೆಕುಸ್ಕ: ಈ ‘ಕುಸ್ಕ’ ಎಲ್ಲಿಯದು?

ಎಲ್ಲರಿಗೂ ನಮಸ್ಕಾರ.

ಫೆಬ್ರುವರಿಯಲ್ಲಿ ನಾಲ್ಕು ದಿನ ಹಕ್ಕಿ ಎಣಿಕೆ ನಡೆಯುತ್ತಲ್ಲ, ಅದಕ್ಕೆ ಅಣ್ಣನ ಮಗಳು ಅಡಿಕೆ ತೋಟದಲ್ಲಿ ಕಂಡ ಹಕ್ಕಿಗಳ ಪಟ್ಟಿ ಮಾಡಿದ್ದಳು. ‘ಬೂದು ಕುಂಡೆಕುಸ್ಕ’ ಅಂತ ಬರೆದಿದ್ದನ್ನು ಅವಳ ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ‘ಬಾಲ ಆಡಿಸುವ ಹಕ್ಕಿ’ ಅಂತ ತಿದ್ದಿದ್ದಾರೆ. ಕುಂಡೆ ಅನ್ನೋ ಮಾತು ಶಾಲೆಗೆ ಬೇಡವಂತೆ!

ಮಾರನೇ ದಿನ ಬೆಳಿಗ್ಗೆ ಬಸಿಗಾಲುವೆ ಹತ್ತಿರ ಕೂತು ನೋಡಿದೆ. ಬೂದು ಬೆನ್ನು, ಹಳದಿ ಹೊಟ್ಟೆ. ಒದ್ದೆ ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಓಡುತ್ತೆ, ನಿಲ್ಲುತ್ತೆ, ಹುಳ ಹೆಕ್ಕುತ್ತೆ. ನಿಂತಾಗ ಆಡೋದು ಬಾಲ ಒಂದೇ ಅಲ್ಲ, ಹಿಂಭಾಗ ಪೂರ್ತಿ ಮೇಲೆ ಕೆಳಗೆ ಆಗುತ್ತೆ. ಹೆಸರಿಟ್ಟವರು ಮೇಷ್ಟ್ರಿಗಿಂತ ಸರಿಯಾಗಿ ನೋಡಿದ್ದಾರೆ.

ಪುಸ್ತಕಗಳಲ್ಲಿ ಇದಕ್ಕೆ ‘ಸಿಪಿಲೆ’ ಅಂತಲೂ ಇದೆ. ಚೆಂದದ ಹೆಸರೇ, ಆದರೆ ಹಕ್ಕಿಯ ಚಾಳಿ ಅದರಲ್ಲಿ ಕಾಣುವುದಿಲ್ಲ. ತಮಿಳರು ‘ವಾಲಾಟ್ಟಿ’ ಅಂತಾರೆ, ಮಲಯಾಳದವರು ‘ವಾಲುಕುಲುಕ್ಕಿ’. ಎರಡರಲ್ಲೂ ‘ವಾಲ್’ ಅಂದರೆ ನಮ್ಮ ಬಾಲವೇ. ಅವರು ಬಾಲಕ್ಕೆ ನಿಲ್ಲಿಸಿದರು, ನಾವು ಇನ್ನೊಂಚೂರು ಮುಂದೆ ಹೋದೆವು, ಅಷ್ಟೆ. ಸಂಸ್ಕೃತದ ‘ಖಂಜನ’ವೂ ಇದೇ ಹಕ್ಕಿ. ಕವಿಗಳು ಹೆಣ್ಣಿನ ಕಣ್ಣಿಗೆ ಹೋಲಿಸಿದ್ದು ಇದನ್ನೇ. ಅಲ್ಲಿ ಯಾರಿಗೂ ಮುಜುಗರ ಆಗಿಲ್ಲ, ಅಲ್ವಾ?

ಈಗ ನನ್ನ ಪ್ರಶ್ನೆ. ‘ಕುಂಡೆ’ ಸರಿ, ‘ಕುಸ್ಕ’ ಏನು? (ಹೋಟೆಲಿನ ಕುಸ್ಕಾ ಬೇಡ, ಅದನ್ನು ಮನೆಯವರೆಲ್ಲ ಆಗಲೇ ಹೇಳಿ ನಕ್ಕಾಗಿದೆ.) ‘ಕುಲುಕು’ ಅನ್ನೋದಕ್ಕೂ ಇದಕ್ಕೂ ನಂಟಿದೆಯಾ? ನಿಮ್ಮ ಕಡೆ ‘ಕುಸ್ಕು’ ಅಂತ ಬೇರೆ ಯಾವುದಾದರೂ ಮಾತಿನಲ್ಲಿ ಬಳಸ್ತೀರಾ? ನಿಘಂಟಿನ ಅರ್ಥಕ್ಕಿಂತ ಮನೆಯಲ್ಲಿ ಕೇಳಿದ ವಾಕ್ಯವೊಂದು ಸಿಕ್ಕರೆ ಜಾಸ್ತಿ ಉಪಯೋಗ.

ಇನ್ನೊಂದು. ಕೆರೆ ದಂಡೆಯಲ್ಲಿ ವರ್ಷವಿಡೀ ಇರುವ ದೊಡ್ಡ ಕಪ್ಪುಬಿಳಿ ಜಾತಿಗೂ, ಮಾಗಿಗೆ ಮಾತ್ರ ಬರುವ ಈ ಬೂದು ಜಾತಿಗೂ ನಿಮ್ಮೂರಲ್ಲಿ ಒಂದೇ ಹೆಸರಾ? ಹಿರಿಯರನ್ನು ಕೇಳುವುದಾದರೆ ಬೇಗ ಕೇಳಿ, ಹಕ್ಕಿ ತೋರಿಸಿಯೇ ಕೇಳಬಹುದು. ಗಂಡಿನ ಗಂಟಲು ಆಗಲೇ ಕಪ್ಪಾಗ್ತಾ ಇದೆ, ಅಂದರೆ ಮರಿ ಮಾಡಲು ಹಿಮಾಲಯದ ಕಡೆ ಹೊರಡುವ ಹೊತ್ತು. ಏಪ್ರಿಲ್ ಕಳೆದರೆ ಮತ್ತೆ ಮಳೆಗಾಲದ ಕೊನೆಗೇ ಸಿಗೋದು.